ಕಾಗೋಡಿನ ಕೊಳಗ, ಭದ್ರಾವತಿಯ ಕುಲುಮೆ

1991ರಲ್ಲಿ ಸೋವಿಯತ್ ಒಕ್ಕೂಟ ಮುರಿದುಬಿತ್ತು. ಅದೇ ವರ್ಷ ನಮ್ಮ ದೇಶವೂ ಉದಾರೀಕರಣದ ಹಾದಿ ಹಿಡಿಯಿತು. ಸಮಾಜವಾದದ ಕಥೆ ಮುಗಿಯಿತೆಂಬ ಮಾತು ಅಂದಿನಿಂದ ಕೇಳಿಬರುತ್ತಲೇ ಇದೆ. ಪುರಾವೆ ಬೇಕೆಂದರೆ ಭದ್ರಾವತಿಯನ್ನು ನೋಡಿ ಎನ್ನುವವರಿದ್ದಾರೆ. ಅಲ್ಲಿನ ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಸರ್ಕಾರ ವ್ಯಾಪಾರಕ್ಕಿಳಿದರೆ ಆಗುವುದೇ ಹೀಗೆ ಎಂಬುದು ಅವರ ತೀರ್ಪು.

ಹಾಗೆ ನೋಡಿದರೆ, ಭದ್ರಾವತಿಯ ಕಾರ್ಖಾನೆಯನ್ನು ಕಟ್ಟಿದ್ದು ಸಮಾಜವಾದಿಗಳಲ್ಲ, ಮೈಸೂರು ಮಹಾರಾಜರ ಸರ್ಕಾರ. 1918ರಲ್ಲಿ ಕೆಲಸ ಆರಂಭವಾಗಿ 1923ರಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಮಲೆನಾಡಿನ ಕಾಡಿನದು. ಕುಲುಮೆ ಹೊತ್ತುವ ವೇಳೆಗೆ ಮೊದಲ ಮಹಾಯುದ್ಧ ಮುಗಿದು ಬೀಡುಕಬ್ಬಿಣದ ಬೆಲೆ ಪ್ರಪಂಚದಾದ್ಯಂತ ಕುಸಿದಿತ್ತು. ಎಲ್ಲೋ ದೂರದ ಪೇಟೆಯಲ್ಲಿ ನಿಗದಿಯಾದ ಬೆಲೆಗೆ ಭದ್ರೆಯ ದಡದ ಊರು ನಡುಗಿತು. ಜಾಗತೀಕರಣವೆಂಬ ಶಬ್ದ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅದರ ಬಿಸಿ ಇಲ್ಲಿ ತಟ್ಟಿತ್ತು! ಆಗ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿದ ವಿಶ್ವೇಶ್ವರಯ್ಯನವರು ಖರ್ಚು ಕಡಿಮೆ ಮಾಡಿ ಕಾರ್ಖಾನೆಯನ್ನು ಉಳಿಸಿಕೊಂಡರು. ಮಾರಿಬಿಡುವ ಆತುರ ಅಂದಿನ ಮೈಸೂರಿಗೆ ಇರಲಿಲ್ಲ.

ಹಾಗಾದರೆ ಈ ಸೀಮೆಯ ಸಮಾಜವಾದ ಹುಟ್ಟಿದ್ದೆಲ್ಲಿ? ಕುಲುಮೆಯ ಬಳಿಯಲ್ಲ, ಸಾಗರ ತಾಲ್ಲೂಕಿನ ಭತ್ತದ ಕಣದಲ್ಲಿ. ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಜಮೀನ್ದಾರರು ಬಳಸುತ್ತಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದೆಂಬುದು ಕಾಗೋಡಿನ ದೀವರ ದೂರು. ಗೇಣಿದಾರರನ್ನು ಎಚ್. ಗಣಪತಿಯಪ್ಪನವರು ಸಂಘಟಿಸಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ಶಾಂತವೇರಿ ಗೋಪಾಲಗೌಡರು ಮತ್ತು ಅವರ ಸಮಾಜವಾದಿ ಪಕ್ಷ ಬೆನ್ನಿಗೆ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಶಾಸಕರಾದರು. ಭೂಮಿ ಮಾತ್ರ ಕೂಡಲೇ ಸಿಗಲಿಲ್ಲ. ಉಳುವವನೇ ಹೊಲದೊಡೆಯನೆಂಬ ಮಾತಿಗೆ ಕಾನೂನಿನ ಬಲ ಬಂದದ್ದು 1974ರಲ್ಲಿ, ದೇವರಾಜ ಅರಸರ ಕಾಲಕ್ಕೆ. 1972ರಲ್ಲಿ ತೀರಿಕೊಂಡ ಗೌಡರು ಅದನ್ನು ಕಾಣಲಿಲ್ಲ.

ಕಾಗೋಡಿನಲ್ಲಿ ಜಗಳ ಹೊತ್ತಿದ್ದು ಅಳತೆಯ ಸುತ್ತ ಎಂಬುದನ್ನು ಗಮನಿಸಬೇಕು. ಬೆಳೆದವನು ಒಬ್ಬ, ಕೊಳಗ ಇನ್ನೊಬ್ಬನ ಕೈಯಲ್ಲಿ. ಒಡೆತನದ ಪ್ರಶ್ನೆ ಇದರ ಬೆನ್ನಿಗೇ ಬಂತು. ಲೋಹಿಯಾ 1952ರ ಪಚಮಢಿ ಸಮ್ಮೇಳನದಲ್ಲಿ ಬಂಡವಾಳಶಾಹಿ ಮತ್ತು ಕಮ್ಯುನಿಸಂ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟರು. ಎರಡೂ ದೊಡ್ಡ ಯಂತ್ರವನ್ನು, ಕೇಂದ್ರೀಕೃತ ಅಧಿಕಾರವನ್ನು ನೆಚ್ಚಿಕೊಂಡಿವೆ ಎಂಬುದು ಅವರ ಆಕ್ಷೇಪ. ಆದ್ದರಿಂದ ಸರ್ಕಾರಿ ಕಾರ್ಖಾನೆಯೆಂದ ಮಾತ್ರಕ್ಕೆ ಅದು ಸಮಾಜವಾದವೆಂದು ಅವರು ಒಪ್ಪುತ್ತಿರಲಿಲ್ಲ. ಆದರೆ ಅವರ ಸಣ್ಣ ಯಂತ್ರದಲ್ಲಿ ಭದ್ರಾವತಿಯ ಉಕ್ಕು ತಯಾರಾಗುವುದು ಹೇಗೆ? ಇದಕ್ಕೆ ಲೋಹಿಯಾವಾದಿಗಳಿಂದ ಸರಿಯಾದ ಉತ್ತರ ಬಂದಿಲ್ಲವೆಂದೇ ನನ್ನ ಅನಿಸಿಕೆ.

ಆದರೆ ಕೊಳಗ ಯಾರ ಕೈಯಲ್ಲಿ ಎಂಬ ಪ್ರಶ್ನೆ ಭದ್ರಾವತಿಗೂ ಒಪ್ಪುತ್ತದೆ. 1989ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಹೋಯಿತು. 1998ರಲ್ಲಿ ಅದರಲ್ಲೇ ವಿಲೀನವಾಯಿತು. ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತ ಮೇಲೆ ಸ್ವಂತ ಅದಿರಿಲ್ಲದೆ ಪೇಟೆಯ ಪೈಪೋಟಿಗೆ ಮೈಯೊಡ್ಡಬೇಕಾಯಿತು. 2016ರಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಕೊಳ್ಳುವವರು ಮುಂದೆ ಬಾರದೆ 2022ರಲ್ಲಿ ಅದೂ ರದ್ದಾಯಿತು. ಗಣಿ, ಬಂಡವಾಳ, ಮಾರಾಟ ಎಲ್ಲದರ ತೀರ್ಮಾನವೂ ದೂರದ ದೆಹಲಿಯಲ್ಲಿ. ಕುಲುಮೆಯ ಮುಂದೆ ನಿಂತವರಿಗೆ ಅದರಲ್ಲಿ ಮಾತಿರಲಿಲ್ಲ. ಮುಚ್ಚುವ ಸುದ್ದಿ ಬಂದಾಗ ಧರಣಿ ಕೂತವರು ಗುತ್ತಿಗೆ ಕಾರ್ಮಿಕರು. 2023ರ ಆಗಸ್ಟ್‌ನಲ್ಲಿ ಒಂದು ಘಟಕ ಮತ್ತೆ ಕೆಲಸ ಆರಂಭಿಸಿತು. ಖಾಸಗಿಯವರಿಗೆ ಕೊಟ್ಟಿದ್ದರೆ ಈ ಜನಕ್ಕೆ ಮಾತು ಸಿಗುತ್ತಿತ್ತೆಂದು ನಂಬಲು ಕಾರಣವಿಲ್ಲ. ಹಾಗೆಂದು ಈಗಿನ ಏರ್ಪಾಡನ್ನು ಸಮಾಜವಾದವೆಂದು ಕರೆದು ಅದನ್ನು ಹಳಿಯುವುದೂ ನ್ಯಾಯವಲ್ಲ.

ಇನ್ನು ಜಮೀನು ಸಿಕ್ಕವರ ಪಾಡು. ಅಂದಿನ ಗೇಣಿದಾರರ ಮಕ್ಕಳು ಮೊಮ್ಮಕ್ಕಳಲ್ಲಿ ಹಲವರು ಇಂದು ಅಡಿಕೆ ಬೆಳೆಗಾರರು. ಕೃಷಿಕರಲ್ಲದವರೂ ಜಮೀನು ಕೊಳ್ಳಲು ಅಡ್ಡಿಯಾಗಿದ್ದ ಕಲಂಗಳನ್ನು 2020ರ ತಿದ್ದುಪಡಿ ತೆಗೆದುಹಾಕಿದೆ. ಪಹಣಿಯಲ್ಲಿ ಹೆಸರಿದ್ದರೂ ಅಡಿಕೆಯ ಬೆಲೆ ತೋಟದಲ್ಲಿ ನಿಗದಿಯಾಗುವುದಿಲ್ಲ. ಮ್ಯಾಮ್‌ಕೋಸ್‌ನಂಥ ಸಹಕಾರ ಸಂಘ ಶಿವಮೊಗ್ಗದಲ್ಲಿ ನೆಲೆಯೂರಿರುವುದು ಮಂಡಿಯಲ್ಲಿ ಒಂದಿಷ್ಟು ಆಸರೆ. ಹೊರದೇಶದ ಅಡಿಕೆ ಅಗ್ಗಕ್ಕೆ ನುಗ್ಗಿದರೆ ಸಂಘವೂ ಒಂದು ಮಿತಿಯವರೆಗಷ್ಟೇ ತಡೆಯಬಲ್ಲದು. ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಮುಕ್ತ ಮಾರುಕಟ್ಟೆಯನ್ನು ಹೊಗಳುವ ಪಕ್ಷದವರೂ ಆ ಆದೇಶಕ್ಕಾಗಿ ದೆಹಲಿಗೆ ಮನವಿ ಹೊತ್ತು ಹೋಗಿದ್ದರು.