ಸಂಘವಿಲ್ಲದ ಊರಿನ ಸಂಘಟನೆ: ದುಬೈ, ಅಬುಧಾಬಿ ಕುರಿತು ಒಂದು ಟಿಪ್ಪಣಿ

ದುಬೈಯಲ್ಲಿ ಕರ್ನಾಟಕ ಸಂಘವಿದೆ, ಅಬುಧಾಬಿಯಲ್ಲಿದೆ, ಶಾರ್ಜಾದಲ್ಲೂ ಇದೆ. ರಾಜ್ಯೋತ್ಸವ ನಡೆಯುತ್ತದೆ, ಯಕ್ಷಗಾನದ ಚೆಂಡೆ ಕೇಳುತ್ತದೆ. ಕರಾವಳಿಯ ತುಳು, ಬ್ಯಾರಿ, ಕೊಂಕಣಿ ಮಾತಿನವರಿಗೆ ಅಲ್ಲಿ ತಮ್ಮ ತಮ್ಮ ಕೂಟಗಳಿವೆ. ಸಲಿಂಗಿಗಳ, ಲಿಂಗತ್ವ ಅಲ್ಪಸಂಖ್ಯಾತರ ಸಂಘಟನೆಯ ಚರಿತ್ರೆಯನ್ನು ಅದೇ ಊರುಗಳಲ್ಲಿ ಹುಡುಕಹೊರಟವರಿಗೆ ಮಾತ್ರ ಕೈಗೆ ಬರುವುದು ದಂಡಸಂಹಿತೆಯ ಪುಟಗಳು. ನೋಂದಾಯಿತ ಸಂಘಟನೆ ಒಂದೂ ಇಲ್ಲ. ಈ ‘ಇಲ್ಲ’ ಹೇಗೆ ಉಂಟಾಯಿತು, ಬೆಂಗಳೂರಿನಲ್ಲಿ ಅದೇ ಕಾಲಕ್ಕೆ ‘ಇದೆ’ ಎಂಬುದು ಹೇಗೆ ಸಾಧ್ಯವಾಯಿತು ಎಂಬುದಷ್ಟೇ ಇಲ್ಲಿನ ವಿಚಾರ.

ಮೊದಲು ಕಾನೂನು. ಸಂಯುಕ್ತ ಅರಬ್ ಎಮಿರೇಟ್ಸಿನಲ್ಲಿ ನಾಲ್ಕು ಜನ ಸೇರಿ ಸಂಘ ಕಟ್ಟಬೇಕೆಂದರೆ ಸರ್ಕಾರದ ಪರವಾನಗಿ ಬೇಕು. 2008ರ 2ನೇ ಸಂಖ್ಯೆಯ ಒಕ್ಕೂಟ ಕಾನೂನು ಇದನ್ನು ವಿಧಿಸಿತ್ತು. ಈಗ ಆ ಜಾಗದಲ್ಲಿ 2023ರ ಹೊಸ ಕಾನೂನು ಬಂದಿದೆ. ನಡತೆಯ ವಿಷಯಕ್ಕೆ ಬಂದರೆ ಎರಡು ಪದರಗಳಿವೆ. 1970ರ ದಶಕದ ಎಮಿರೇಟುವಾರು ಸಂಹಿತೆಗಳಲ್ಲಿ ಸಲಿಂಗ ಸಂಭೋಗಕ್ಕೆ ದುಬೈಯ 177ನೇ ವಿಧಿ ಹತ್ತು ವರ್ಷದವರೆಗೆ, ಅಬುಧಾಬಿಯ 80ನೇ ವಿಧಿ ಹದಿನಾಲ್ಕು ವರ್ಷದವರೆಗೆ ಜೈಲು ಹೇಳುತ್ತಿದ್ದವು. ಅವುಗಳ ಮೇಲೆ 1987ರ ಒಕ್ಕೂಟ ದಂಡಸಂಹಿತೆ ಬಂತು. 2022ರ ಜನವರಿ 2ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯ 409ನೇ ವಿಧಿಯಲ್ಲಿ, ವಿವಾಹದ ಹೊರಗಿನ ಒಪ್ಪಿಗೆಯ ಸಂಬಂಧಕ್ಕೆ ಕನಿಷ್ಠ ಆರು ತಿಂಗಳ ಸಜೆ ಇದೆ; ಗಂಡನೋ ಪೋಷಕನೋ ದೂರು ಕೊಟ್ಟರಷ್ಟೇ ಮೊಕದ್ದಮೆ. ಇದನ್ನು ಸಡಿಲಿಕೆಯೆಂದು ಕರೆಯುವವರಿದ್ದಾರೆ. ದೂರಿನ ಅಧಿಕಾರವನ್ನು ಮನೆಯವರ ಕೈಗೆ ಕೊಟ್ಟ ಕಾನೂನು ಮನೆಯವರಿಗೇ ಹೆದರಿ ಬದುಕುವವನಿಗೆ ಎಷ್ಟು ಸಡಿಲವೆಂಬುದು ನನಗೆ ಅನುಮಾನ.

ಇನ್ನು ಘಟನೆಗಳು. 2005ರ ನವೆಂಬರಿನಲ್ಲಿ ಅಬುಧಾಬಿ–ದುಬೈ ದಾರಿಯಲ್ಲಿರುವ ಘಂತೂತ್‌ನ ಹೋಟೆಲೊಂದರ ಮೇಲೆ ದಾಳಿ ನಡೆಯಿತು. ‘ಗಂಡಸರ ಸಾಮೂಹಿಕ ಮದುವೆ’ ಎಂಬ ಆರೋಪ. 26 ಮಂದಿಯ ಬಂಧನ. ಅವರಿಗೆ ಹಾರ್ಮೋನು ಚಿಕಿತ್ಸೆ ಕೊಡುವ ಮಾತು ಸುದ್ದಿಯಾದಾಗ ಅಮೆರಿಕದ ವಿದೇಶಾಂಗ ಇಲಾಖೆಯೂ ಆಕ್ಷೇಪ ಎತ್ತಿತು. 2009ರಲ್ಲಿ ಹುಡುಗರ ವೇಷ ಹಾಕುವ ಹುಡುಗಿಯರ ವಿರುದ್ಧ ‘ಕ್ಷಮಿಸಿ, ನಾನು ಹುಡುಗಿ’ ಎಂಬ ಸರ್ಕಾರಿ ಪ್ರಚಾರ ನಡೆಯಿತು. 2017ರ ಆಗಸ್ಟಿನಲ್ಲಿ ಅಬುಧಾಬಿಯ ಮಾಲ್ ಒಂದರಲ್ಲಿ ಸಿಂಗಪುರದ ಇಬ್ಬರನ್ನು ಹೆಣ್ಣಿನಂತೆ ಕಾಣುತ್ತಾರೆಂದು ಹಿಡಿದರು; ಒಂದು ವರ್ಷದ ಸಜೆ ಮೇಲ್ಮನವಿಯಲ್ಲಿ ದಂಡಕ್ಕೂ ಗಡೀಪಾರಿಗೂ ಇಳಿಯಿತು. 2022ರ ಜೂನಿನಲ್ಲಿ ಸಲಿಂಗ ಜೋಡಿಯ ಮುತ್ತಿನ ದೃಶ್ಯವಿದ್ದ ‘ಲೈಟ್‌ಇಯರ್’ ಚಿತ್ರಕ್ಕೆ ಪರವಾನಗಿ ನಿರಾಕರಿಸಲಾಯಿತು. ಅದೇ ತಿಂಗಳು, ಸರ್ಕಾರದ ಒತ್ತಡಕ್ಕೆ ಮಣಿದು ಅಮೆಜಾನ್ ತನ್ನ ಎಮಿರೇಟ್ಸ್ ತಾಣದಲ್ಲಿ ಸಲಿಂಗಿಗಳಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಸಂಬಂಧಿಸಿದ ಕೆಲವು ಪದಗಳ ಹುಡುಕಾಟಕ್ಕೆ ತಡೆ ಹಾಕಿದ ವರದಿ ಬಂತು.

ಸಾಲಾಗಿ ಓದಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಈ ಚರಿತ್ರೆಯ ಪ್ರತಿಯೊಂದು ಸಾಲನ್ನೂ ಬರೆದವರು ಪೊಲೀಸರು, ನ್ಯಾಯಾಲಯ, ಮಾಧ್ಯಮ ನಿಯಂತ್ರಕರು. ಸಿಕ್ಕಿಬಿದ್ದ ಗಳಿಗೆಯಲ್ಲಿ ಮಾತ್ರ ಮನುಷ್ಯರು ಕಾಣುತ್ತಾರೆ. ಅದಕ್ಕೆ ಮುಂಚಿನ ಅವರ ಸ್ನೇಹ, ಜಗಳ, ರೂಮು, ಶುಕ್ರವಾರದ ಬಿಡುವು ಯಾವುದೂ ಕಡತಕ್ಕೆ ಬರುವುದಿಲ್ಲ. ಇಂಥ ಕಡತವನ್ನು ನಂಬಿ ಬರೆದ ಚರಿತ್ರೆ ಅಪರಾಧದ ಚರಿತ್ರೆಯಾಗಿಬಿಡುತ್ತದೆ.

ಬೆಂಗಳೂರಿನಲ್ಲೂ ಪೊಲೀಸರಿದ್ದರು, ಸಲಿಂಗ ಸಂಬಂಧವನ್ನು ಅಪರಾಧವೆಂದ 377ನೇ ಕಲಮು ಇತ್ತು. ಆದರೆ 1994ರಲ್ಲಿ ‘ಗುಡ್ ಆ್ಯಸ್ ಯೂ’ ಎಂಬ ಕೂಟ ಆರಂಭವಾಯಿತು, 1999ರಲ್ಲಿ ‘ಸಂಗಮ’ ಹುಟ್ಟಿತು. ಸಂಗಮ ಮೊದಲಿಗೆ ಇದ್ದದ್ದು ಪತ್ರಿಕಾ ತುಣುಕು, ಪುಸ್ತಕ, ವರದಿ ಸಂಗ್ರಹಿಸುವ ದಾಖಲಾತಿ ಕೇಂದ್ರವಾಗಿ ಎಂಬುದನ್ನು ನಮ್ಮಲ್ಲಿ ಹೆಚ್ಚು ಜನ ಗಮನಿಸಿಲ್ಲ. 2001ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಕರ್ನಾಟಕ ಘಟಕ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ಬಗ್ಗೆ ಸತ್ಯಶೋಧನಾ ವರದಿ ತಂದಿತು. 2003ರಲ್ಲಿ ಹಿಜ್ರಾ ಮತ್ತು ಕೋಥಿ (ಹೆಣ್ಣಿನಂತೆ ನಡೆದುಕೊಳ್ಳುವ ಗಂಡಸರ) ಸಮುದಾಯಗಳ ಕುರಿತು ಇನ್ನೊಂದು. ಪೊಲೀಸ್ ಠಾಣೆಯಲ್ಲಿ ನಡೆದದ್ದನ್ನು ಪೆಟ್ಟು ತಿಂದವರ ಬಾಯಿಂದಲೇ ಕೇಳಿ ಬರೆದ ಕಾಗದಗಳವು. 2008ರ ಜೂನ್ 29ರಂದು ಬೆಂಗಳೂರಿನ ಮೊದಲ ಪ್ರೈಡ್ ಮೆರವಣಿಗೆ ಹೊರಡುವ ಹೊತ್ತಿಗೆ ಅದರ ಹಿಂದೆ ಹತ್ತಿರ ಹತ್ತಿರ ಹದಿನೈದು ವರ್ಷದ ಕಡತವಿತ್ತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಕಲಮು ಸೇರಿಸಿ ಹಿಜ್ರಾಗಳ ಹೆಸರಿನ ಪಟ್ಟಿ ಇಡಲು ಹೊರಟಾಗ, ಆ ಪಟ್ಟಿ ಏನು ಮಾಡಬಲ್ಲದೆಂದು ಕೋರ್ಟಿಗೆ ಹೇಳಬಲ್ಲವರು ಇಲ್ಲಿದ್ದರು.

   

ಈ ವ್ಯತ್ಯಾಸವನ್ನು ಧರ್ಮದ ತಲೆಗೋ ಸಂಸ್ಕೃತಿಯ ತಲೆಗೋ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ. ನನಗೆ ಕಾಣುವ ಕಾರಣ ಹೆಚ್ಚು ಲೌಕಿಕವಾದದ್ದು: ಎಚ್‌ಐವಿ. ನಮ್ಮಲ್ಲಿ ಏಡ್ಸ್ ನಿಯಂತ್ರಣದ ಹಣ ಬಂದದ್ದು ಸಮುದಾಯಗಳ ಮೂಲಕ. 2003ರಲ್ಲಿ ಆರಂಭವಾದ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆ ನಡೆದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕಾಂಡೋಮು ಹಂಚಲು, ಕ್ಲಿನಿಕ್ಕಿಗೆ ಕರೆತರಲು ಸರ್ಕಾರಕ್ಕೂ ದಾನಿಗಳಿಗೂ ಸಮುದಾಯದವರೇ ಬೇಕಾದರು. ಅದಕ್ಕಾಗಿ ಬಾಡಿಗೆಗೆ ಹಿಡಿದ ಡ್ರಾಪ್‌ಇನ್ ಸೆಂಟರಿನಲ್ಲಿ ಜನ ಕೂತು ಮಾತಾಡಿದರು. ರಿಜಿಸ್ಟರು, ಮಿನಿಟ್ಸ್ ಪುಸ್ತಕ, ಅಧ್ಯಕ್ಷೆ, ಖಜಾಂಚಿ ಎಲ್ಲ ಆದರು. ಬೆಂಗಳೂರಿನ ‘ಸಮರ’, ಮಂಗಳೂರಿನ ‘ನವಸಹಜ’ದಂಥ ಸಮುದಾಯ ಸಂಘಟನೆಗಳು ಬೆಳೆದದ್ದು ಈ ಕಾಲದಲ್ಲಿ. ಆರೋಗ್ಯದ ಹಣ ಹಕ್ಕಿನ ಮಾತನ್ನು ಮೊಂಡಾಗಿಸಿತೆಂಬ ಟೀಕೆಯೂ ಇದೆ, ಅದರಲ್ಲಿ ಹುರುಳಿದೆ. ಆದರೂ ಕೂರಲು ಒಂದು ಕೋಣೆ ಸಿಕ್ಕಿತು.

ಎಮಿರೇಟ್ಸಿನಲ್ಲಿ ಹೊರದೇಶದವರಿಗೆ ವಾಸದ ವೀಸಾ ಸಿಗಬೇಕಾದರೆ ಎಚ್‌ಐವಿ ಪರೀಕ್ಷೆ ಕಡ್ಡಾಯ. ಸೋಂಕು ಕಂಡರೆ ಗಡೀಪಾರು. ಜನಸಂಖ್ಯೆಯ ಬಹುಪಾಲು ವಲಸಿಗರೇ ಇರುವ ದೇಶ ಕಾಯಿಲೆಯನ್ನು ವಿಮಾನ ಹತ್ತಿಸಿ ಕಳಿಸಿಬಿಟ್ಟಿತು. ಹಾಗಾಗಿ ವಲಸಿಗರ ನಡುವೆ ಕೆಲಸ ಮಾಡುವ ಸಮುದಾಯ ಸಂಘಟನೆಯ ಅಗತ್ಯವೇ ಅದಕ್ಕೆ ಬೀಳಲಿಲ್ಲ. ಬೆಂಗಳೂರಿಗೆ ತೆರೆದ ಬಾಗಿಲು ಅಲ್ಲಿ ಮುಚ್ಚಿದ್ದು ಪರೀಕ್ಷಾ ಕೇಂದ್ರದಲ್ಲಿ. ಅಬುಧಾಬಿಯ ಮುಸಫ್ಫಾದ ಲೇಬರ್ ಕ್ಯಾಂಪಿನವನಿಗೂ ದುಬೈಯ ಕರಾಮಾದ ಬೆಡ್‌ಸ್ಪೇಸಿನವನಿಗೂ ವೀಸಾ, ಕೆಲಸ, ಊರಿಗೆ ಕಳಿಸುವ ಹಣ ಒಂದೇ ದಾರದಲ್ಲಿ ಪೋಣಿಸಿದವು. ಒಂದು ತುಂಡಾದರೆ ಮೂರೂ ಉದುರುತ್ತವೆ. ಅಂಥವನನ್ನು ಸಂಘಕ್ಕೆ ಸದಸ್ಯನಾಗೆಂದು ಕೇಳುವವರಾರು?

ಅರಬ್ ಜಗತ್ತಿನಲ್ಲಿ ಸಂಘಟನೆಗಳೇ ಇಲ್ಲವೆಂದು ಇದರಿಂದ ತಿಳಿಯಬಾರದು. ಬೈರೂತಿನಲ್ಲಿ 2004ರಲ್ಲಿ ‘ಹೆಲೆಮ್’ ಬಹಿರಂಗವಾಗಿಯೇ ಕೆಲಸಕ್ಕಿಳಿಯಿತು. ಅದು ಸಂಸ್ಥೆಯ ಪೂರ್ಣ ಹೆಸರಿನ ಮೊದಲಕ್ಷರಗಳಿಂದಾದ ಪದ, ಅರಬ್ಬಿಯಲ್ಲಿ ಕನಸು ಎಂಬ ಅರ್ಥ ಧ್ವನಿಸುತ್ತದೆ. ಟ್ಯುನೀಶಿಯಾದಲ್ಲಿ 2015ರಲ್ಲಿ ‘ಶಮ್ಸ್’ ನೋಂದಣಿಯನ್ನೇ ಪಡೆಯಿತು. ಕೊಲ್ಲಿಯ ಮಟ್ಟಿಗೆ ಹೇಳುವುದಾದರೆ, ಬಹರೈನಿನ ಕಾರ್ಯಕರ್ತೆ ಇಸ್ರಾ ಅಲ್ ಶಾಫೈ 2010ರಲ್ಲಿ ‘ಅಹ್ವಾ’ ಎಂಬ ಅಂತರ್ಜಾಲದ ಮಾತುಕತೆಯ ಜಾಗ ಕಟ್ಟಿದರು, ಅದೂ ಹೆಸರು ಹೇಳಿಕೊಳ್ಳದವರಿಗಾಗಿ. ಸಂಘಟನೆಗಳು ಪದಗಳನ್ನೂ ಕೊಡುತ್ತವೆ. ನಾವು ‘ಸಲಿಂಗಿ’ ಎನ್ನುವಂತೆ ಅರಬ್ಬಿಯಲ್ಲಿ ‘ಮಿತ್ಲಿ’ ಎನ್ನುತ್ತಾರೆ. ಸಮಾನ, ಸದೃಶ ಎಂಬ ಮೂಲದಿಂದ ಬಂದದ್ದು. ‘ಶಾದ್’, ಅಂದರೆ ದಾರಿತಪ್ಪಿದವ, ಎಂಬ ಹಳೆಯ ಬೈಗುಳದ ಎದುರು ನಿಲ್ಲಿಸಿದ ಪದ. ಹುಡುಗರ ವೇಷ ಹಾಕುವ ಹುಡುಗಿಯರಿಗೆ ಕೊಲ್ಲಿಯಲ್ಲಿ ಹೇಳುವ ‘ಬೋಯಾತ್’ ಇನ್ನೂ ಸ್ವಾರಸ್ಯಕರ: ಇಂಗ್ಲಿಷಿನ ‘ಬಾಯ್’ಗೆ ಅರಬ್ಬಿಯ ಸ್ತ್ರೀಲಿಂಗ ಬಹುವಚನ ಅಂಟಿಸಿದ್ದು. ಸಂಘವಿಲ್ಲದ ಕಡೆ ಕನಿಷ್ಠ ವ್ಯಾಕರಣವಾದರೂ ಪ್ರತಿಭಟಿಸಿತು ಎನ್ನಬೇಕು.

ಗಲ್ಫ್ ಕನ್ನಡಿಗರ ಈ ಭಾಗದ ಬದುಕಿಗೆ ಸಾಕ್ಷಿ ಸಿಗಬಹುದಾದ ಜಾಗ ಅಲ್ಲಿನ ಕಚೇರಿಗಳಿಗಿಂತ ಹೆಚ್ಚಾಗಿ ಇಲ್ಲಿನ ಮನೆಗಳು: ಉಡುಪಿ, ಭಟ್ಕಳ, ಮಂಗಳೂರು, ಕಾಸರಗೋಡಿನ ಅಟ್ಟದ ಮೇಲಿನ ಟ್ರಂಕುಗಳು. ನೀಲಿ ಅಂಚಿನ ಏರ್‌ಮೇಲ್ ಕಾಗದ, ಧ್ವನಿ ತುಂಬಿ ಕಳಿಸಿದ ಕ್ಯಾಸೆಟ್, ಇಬ್ಬರು ರೂಮ್‌ಮೇಟುಗಳು ಹೆಗಲಿಗೆ ಕೈಹಾಕಿ ನಿಂತ ಫೋಟೋ. ಎಲ್ಲದರಲ್ಲೂ ಪ್ರೇಮವನ್ನೇ ಹುಡುಕುವುದು ತಪ್ಪು. ಯಾವುದರಲ್ಲೂ ಇರದೆಂದು ಬಿಸಾಡುವುದೂ ತಪ್ಪು. ಊರಿಗೆ ಮರಳಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಅಂಥ ಕಾಗದಗಳನ್ನು ಸುಡಬೇಡಿ. ಬೆಂಗಳೂರಿನ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ‘ಕಮ್ರಾ’ ಎಂಬ ಕ್ವಿಯರ್ ಅಭಿಲೇಖಾಗಾರವಿದೆ. ಕೊಡುವುದಿದ್ದರೆ ಅಲ್ಲಿ ಕೇಳಿ ನೋಡಿ. ಜೊತೆಯಲ್ಲಿದ್ದವರು ಇನ್ನೂ ಅಲ್ಲಿನ ವೀಸಾದ ಮೇಲೇ ಇದ್ದರೆ, ಅವರು ಊರಿಗೆ ಬರುವ ತನಕ ಹೆಸರನ್ನಾಗಲಿ ಫೋಟೋವನ್ನಾಗಲಿ ಯಾರಿಗೂ ಕೊಡಬೇಡಿ, ನನ್ನಂಥ ಸಂಶೋಧಕರಿಗೂ.