ತಲೆಯಿಲ್ಲದ ಮೀನಿನ ಹೆಸರೇನು?

ಸಸ್ಯಾಹಾರಿ ಮಿತ್ರರಿಗೆ ಮೊದಲೇ ಹೇಳಿಬಿಡ್ತೀನಿ, ಇವತ್ತಿನ ಬರಹದ ತುಂಬ ಮೀನು. ವಾಸನೆ ಬರೋದಿಲ್ಲ, ಧೈರ್ಯವಾಗಿ ಓದಿ :)

ಮೊನ್ನೆ ಹಳೇ ಕಾಗದಗಳನ್ನು ವಿಲೇವಾರಿ ಮಾಡುತ್ತಿದ್ದಾಗ ಒಂದು ಹಾಳೆ ಸಿಕ್ಕಿತು. 2012ರ ಬೇಸಿಗೆಯದು. ನಾವಾಗ ನ್ಯೂಯಾರ್ಕಿನಲ್ಲಿದ್ದೆವು, ನನ್ನವಳು ಬಸುರಿ. ಡಾಕ್ಟರಮ್ಮ ಕೊಟ್ಟಿದ್ದ ಆ ಹಾಳೆಯಲ್ಲಿ ಬಸುರಿಯರು ಮುಟ್ಟಲೇಬಾರದ ನಾಲ್ಕು ಮೀನುಗಳ ಹೆಸರಿತ್ತು: ಶಾರ್ಕ್, ಸ್ವೋರ್ಡ್‌ಫಿಶ್, ಕಿಂಗ್ ಮ್ಯಾಕೆರೆಲ್, ಟೈಲ್‌ಫಿಶ್. ಇವುಗಳಲ್ಲಿ ಪಾದರಸದ ಅಂಶ ಜಾಸ್ತಿ, ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಅದು ಒಳ್ಳೆಯದಲ್ಲ ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎ 2004ರಲ್ಲೇ ಎಚ್ಚರಿಸಿತ್ತು.

ಕಿಂಗ್ ಮ್ಯಾಕೆರೆಲ್ ಅಂದರೆ ನಮ್ಮ ಅಂಜಲಿನ ದಾಯಾದಿ. ಕುಂದಾಪುರದ ಕಡೆಯವರಿಗೆ ಅಂಜಲ್ ಬಿಡು ಅನ್ನೋದು ಸಣ್ಣ ಮಾತಲ್ಲ. ಫೋನಿನಲ್ಲಿ ಅಮ್ಮನಿಗೆ ಹೇಳಿದರೆ, "ಎಂತ ಮಾರಾಯ, ಅಂಜಲ್ ತಿಂಬುಕಾಗ್ದಾ? ನಾವೆಲ್ಲ ತಿಂದೇ ನಿಮ್ಮನ್ನ ಹೆತ್ತದ್ದಲ್ದಾ!" ಅಂದರು. ಆದರೂ ಬಿಟ್ಟೆವು. ಹಸಿ ಮೀನೂ ಬೇಡ ಅಂದಿದ್ದರಿಂದ ಸುಶಿ ಅಂಗಡಿಗೆ ಹೋಗುವುದೂ ನಿಂತಿತು. ಬದಲಿಗೆ ಮನೆ ಹತ್ತಿರದ ಅಂಗಡಿಯಿಂದ ರೆಡ್ ಸ್ನಾಪರ್ ತುಂಡು ತಂದು, ತೆಂಗಿನಕಾಯಿ ಅರೆದು ಸಾರು ಮಾಡುತ್ತಿದ್ದೆ. ಹಾಳೆಯಲ್ಲಿ ರೆಡ್ ಸ್ನಾಪರ್ ಹೆಸರು ಇರಲಿಲ್ಲವಲ್ಲ. ವಾರಕ್ಕೊಮ್ಮೆಯಂತೆ ಐದಾರು ತಿಂಗಳು ನಡೆಯಿತು. ಒಬ್ಬ ಒಳ್ಳೇ ಗಂಡನಂತೆ ಹೆಮ್ಮೆಪಟ್ಟುಕೊಂಡು ಬಡಿಸಿದ್ದೆ.

ನವೆಂಬರಿನಲ್ಲಿ ಮಗಳು ಹುಟ್ಟಿದಳು. ಡಿಸೆಂಬರಿನಲ್ಲಿ ಒಂದು ವರದಿ ಬಂತು. ಓಷಿಯಾನಾ ಅನ್ನುವ ಸಮುದ್ರ ಸಂರಕ್ಷಣಾ ಸಂಸ್ಥೆ ನ್ಯೂಯಾರ್ಕ್ ನಗರದಲ್ಲಿ 142 ಮೀನಿನ ತುಂಡುಗಳನ್ನು ಕೊಂಡು ಡಿಎನ್‌ಎ ಪರೀಕ್ಷೆ ಮಾಡಿಸಿತ್ತು. ಶೇಕಡಾ 39 ತುಂಡುಗಳು ಹೇಳಿದ ಮೀನೇ ಅಲ್ಲ! ಪರೀಕ್ಷಿಸಿದ 16 ಸುಶಿ ಅಂಗಡಿಗಳಲ್ಲಿ 16ರಲ್ಲೂ ತಪ್ಪು ಹೆಸರಿನ ಮೀನು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಓದುತ್ತಿದ್ದೆ. ಮುಂದಿನ ಸಾಲಿಗೆ ಬಂದಾಗ ಕೈ ತಣ್ಣಗಾಯಿತು. ಒಂದು ಸಣ್ಣ ಅಂಗಡಿಯಲ್ಲಿ ರೆಡ್ ಸ್ನಾಪರ್ ಅಂತಲೂ ಹಾಲಿಬಟ್ ಅಂತಲೂ ಮಾರಿದ್ದು ಟೈಲ್‌ಫಿಶ್. ಹಾಳೆಯ ನಾಲ್ಕನೇ ಹೆಸರು.

ನಮ್ಮ ಅಂಗಡಿಯವನು ಮಾರಿದ್ದು ಏನು? ಅವನನ್ನು ಕೇಳಿದರೆ "ರೆಡ್ ಸ್ನಾಪರ್" ಅಂತಲೇ ಅಂದ. ಅವನಿಗೂ ಯಾರೋ ಹಾಗಂತಲೇ ಕೊಟ್ಟಿರಬಹುದು. ಮಕ್ಕಳ ಡಾಕ್ಟರು ಮಗುವನ್ನು ನೋಡಿ ಏನೂ ತೊಂದರೆಯಿಲ್ಲ ಅಂದರು. ಮಗಳೀಗ ನನ್ನ ಭುಜದೆತ್ತರ ಬೆಳೆದು ದಿನಾ ಬೆಳಿಗ್ಗೆ ನನ್ನ ಜೊತೆ ವಾದ ಮಾಡಿ ಗೆಲ್ಲುತ್ತಾಳೆ, ಹಾಗಾಗಿ ಮಿದುಳಿನ ಬಗ್ಗೆ ಅನುಮಾನವಿಲ್ಲ :) ಆದರೆ ಆ ಚಳಿಗಾಲದಲ್ಲಿ ಶುರುವಾದ ನನ್ನ ಓದು ಇನ್ನೂ ನಿಂತಿಲ್ಲ. ಮೀನು ತನ್ನ ಹೆಸರು ಕಳೆದುಕೊಂಡದ್ದು ಯಾವಾಗ?

ನಾನು ಚಿಕ್ಕವನಿದ್ದಾಗ ಅಮ್ಮನ ಜೊತೆ ಮೀನು ಪೇಟೆಗೆ ಹೋಗುತ್ತಿದ್ದೆ. ಅಮ್ಮ ಮೀನಿನ ಕಿವಿರು ಎತ್ತಿ ಕೆಂಪಗಿದೆಯಾ ನೋಡುವರು, ಕಣ್ಣು ನೋಡುವರು, ಬೆರಳಿನಿಂದ ಒತ್ತಿ ನೋಡುವರು. ಮೀನು ಮಾರುವವಳು ರೇಟಿನಲ್ಲಿ ಮೋಸ ಮಾಡಬಹುದಿತ್ತು, ನಿನ್ನೆಯದನ್ನು ಇವತ್ತಿನದು ಅನ್ನಬಹುದಿತ್ತು. ಆದರೆ ಬಂಗುಡೆಯನ್ನು ಅಂಜಲ್ ಅನ್ನುವ ಧೈರ್ಯ ಯಾವಳಿಗೂ ಇರಲಿಲ್ಲ. ಮೀನಿಗೆ ಮುಖ ಇತ್ತು.

ಅಮೆರಿಕದ ಮೀನಿಗೂ ಒಂದು ಕಾಲಕ್ಕೆ ಮುಖ ಇತ್ತು. ಅದನ್ನು ತೆಗೆದದ್ದರಲ್ಲಿ ದೊಡ್ಡ ಪಾಲು ಶೀತಲೀಕರಣದ್ದು. ಕ್ಲಾರೆನ್ಸ್ ಬರ್ಡ್ಸ್‌ಐ ಅನ್ನುವವರು 1910ರ ದಶಕದಲ್ಲಿ ಕೆನಡಾದ ಲ್ಯಾಬ್ರಡಾರಿನಲ್ಲಿದ್ದಾಗ, ಅಲ್ಲಿನ ಇನ್ಯುಯಿಟ್ ಜನ ಹಿಡಿದ ಮೀನು ಆ ಕೊರೆಯುವ ಗಾಳಿಗೆ ಕ್ಷಣದಲ್ಲಿ ಹೆಪ್ಪುಗಟ್ಟುವುದನ್ನೂ ತಿಂಗಳುಗಟ್ಟಲೆ ಬಿಟ್ಟು ಬೇಯಿಸಿದರೂ ರುಚಿ ಕೆಡದಿರುವುದನ್ನೂ ನೋಡಿದರು. ಊರಿಗೆ ಬಂದು ಅದಕ್ಕೊಂದು ಯಂತ್ರ ಮಾಡಿದರು. 1930ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಊರಿನ ಅಂಗಡಿಗಳಲ್ಲಿ ಹೆಪ್ಪುಗಟ್ಟಿಸಿದ ಆಹಾರದ ಪೊಟ್ಟಣಗಳು ಮಾರಾಟಕ್ಕೆ ಬಂದವು. 1953ರಲ್ಲಿ ಫಿಶ್ ಸ್ಟಿಕ್ ಬಂತು, ಅಂದರೆ ರೊಟ್ಟಿ ಪುಡಿ ಮೆತ್ತಿದ ಮೀನಿನ ಕಡ್ಡಿ. ತಲೆ ಇಲ್ಲ, ಬಾಲ ಇಲ್ಲ, ಚರ್ಮವೂ ಇಲ್ಲ. ಮೀನಿನ ಗುರುತಿಗೆ ಉಳಿದದ್ದು ಡಬ್ಬದ ಮೇಲಿನ ಅಕ್ಷರ ಮಾತ್ರ.

ಅಕ್ಷರ ಬದಲಾಯಿಸೋದು ಎಷ್ಟು ಸುಲಭ ನೋಡಿ. ದಕ್ಷಿಣದ ಹಿಮಸಮುದ್ರಗಳ ಆಳದಲ್ಲಿ ಪಟಗೋನಿಯನ್ ಟೂತ್‌ಫಿಶ್ ಅನ್ನುವ ಮೀನಿದೆ. 'ಹಲ್ಲುಮೀನು' ಅಂದರೆ ಯಾರು ಕೊಳ್ತಾರೆ? 1977ರಲ್ಲಿ ಲೀ ಲ್ಯಾಂಟ್ಜ್ ಅನ್ನುವ ಅಮೆರಿಕದ ವ್ಯಾಪಾರಿ ಅದಕ್ಕೆ ಚಿಲಿಯನ್ ಸೀ ಬಾಸ್ ಅಂತ ಹೆಸರಿಟ್ಟರು. ಅದು ಬಾಸ್ ಜಾತಿಯ ಮೀನೇ ಅಲ್ಲ, ಎಲ್ಲವೂ ಚಿಲಿಯಿಂದ ಬರುವುದೂ ಇಲ್ಲ. 1994ರಲ್ಲಿ ಎಫ್‌ಡಿಎ ಆ ಹೆಸರಿಗೆ ಒಪ್ಪಿಗೆ ಕೊಟ್ಟಿತು. ದೊಡ್ಡ ಹೋಟೆಲುಗಳಲ್ಲಿ ಅದು ರಾಜನಾಯಿತು. ಸ್ಲೈಮ್‌ಹೆಡ್, ಅಂದರೆ ಲೋಳೆತಲೆ, ಹೀಗೇ ಆರೆಂಜ್ ರಫಿ ಆಯಿತು. ನಮ್ಮಲ್ಲಿ ಸಿನಿಮಾಕ್ಕೆ ಬರುವಾಗ ಹೆಸರು ಬದಲಾಯಿಸಿಕೊಳ್ಳುವ ಹಾಗೆ.

ಉಲ್ಟಾ ಕಥೆಯೂ ಇದೆ. ವಿಯೆಟ್ನಾಮಿನ ಸಾಕುಮೀನು ಪಂಗಾಸಿಯಸ್ ಅಗ್ಗಕ್ಕೆ ಬರತೊಡಗಿದಾಗ ಅಮೆರಿಕದ ಕ್ಯಾಟ್‌ಫಿಶ್ ಸಾಕುವವರು ಗಲಾಟೆ ಮಾಡಿದರು. 2002ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿ, ಉತ್ತರ ಅಮೆರಿಕದ ಒಂದು ಕುಟುಂಬದ ಮೀನುಗಳನ್ನು ಬಿಟ್ಟು ಬೇರೆ ಯಾವುದನ್ನೂ ಕ್ಯಾಟ್‌ಫಿಶ್ ಅನ್ನಬಾರದು ಅಂದಿತು. ಪಾಪ, ಪಂಗಾಸಿಯಸ್ ಬಾಸಾ, ಟ್ರಾ, ಸ್ವಾಯ್ ಅಂತೆಲ್ಲ ಹೆಸರಿಟ್ಟುಕೊಂಡಿತು. ಬೆಂಗಳೂರಿನ ಹೋಟೆಲುಗಳ ಮೆನುವಿನಲ್ಲಿ ಕಾಣುವ ಬಾಸಾ ಇದೇ ಬಳಗದ್ದು. ಕೆಲವು ಕಡೆ ಅದೇ ಮೀನು ಕಳ್ಳತನದಿಂದ ಗ್ರೂಪರ್ ಅನ್ನುವ ದುಬಾರಿ ವೇಷ ಹಾಕಿತು. 2006ರಲ್ಲಿ ಫ್ಲಾರಿಡಾದ ಪತ್ರಿಕೆಯೊಂದು ಟ್ಯಾಂಪಾ ಬೇ ಪ್ರದೇಶದ 11 ಹೋಟೆಲುಗಳ ಗ್ರೂಪರ್ ಪರೀಕ್ಷೆ ಮಾಡಿಸಿದಾಗ ಆರರಲ್ಲಿ ಸಿಕ್ಕಿದ್ದು ಗ್ರೂಪರ್ ಅಲ್ಲ.

ಇದನ್ನೆಲ್ಲ ಹಿಡಿಯುವ ಸುಲಭ ದಾರಿ ಸಿಕ್ಕಿದ್ದು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ. ಪ್ರಾಣಿಗಳಲ್ಲಿರುವ ಒಂದು ಜೀನಿನ ಸುಮಾರು 650 ಅಕ್ಷರ ಓದಿದರೆ ಸಾಕು, ಜಾತಿ ಯಾವುದು ಅಂತ ಹೇಳಬಹುದು ಎಂದು 2003ರಲ್ಲಿ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಬರೆದರು. ಅಂಗಡಿ ಸಾಮಾನಿನ ಮೇಲಿನ ಗೆರೆಗಳ ನೆನಪಿಗೆ ಇದನ್ನು ಡಿಎನ್‌ಎ ಬಾರ್‌ಕೋಡ್ ಅಂದರು. ಡಬ್ಬದ ಅಕ್ಷರ ಸುಳ್ಳು ಹೇಳಬಹುದು, ಈ ಅಕ್ಷರ ಹೇಳೋದಿಲ್ಲ. 2004ರಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮೇಷ್ಟ್ರು ಪೀಟರ್ ಮಾರ್ಕೊ ಮತ್ತವರ ವಿದ್ಯಾರ್ಥಿಗಳು ಇದೇ ರೀತಿ ಜೀನು ಓದಿ ನೋಡಿದಾಗ, ರೆಡ್ ಸ್ನಾಪರ್ ಅಂತ ಮಾರಿದ್ದರಲ್ಲಿ ಶೇಕಡಾ 77ರಷ್ಟು ಬೇರೆ ಮೀನು!

ನನಗೆ ಬಹಳ ಇಷ್ಟವಾದದ್ದು 2008ರ ಕಥೆ. ನ್ಯೂಯಾರ್ಕಿನ ಇಬ್ಬರು ಹೈಸ್ಕೂಲು ಹುಡುಗಿಯರು ಮ್ಯಾನ್‌ಹಟನ್ನಿನ 4 ಹೋಟೆಲು, 10 ಅಂಗಡಿಗಳಿಂದ 60 ತುಂಡು ಮೀನು ಕೊಂಡು, ಆಲ್ಕೋಹಾಲಿನಲ್ಲಿ ಅದ್ದಿ ಗ್ವೆಲ್ಫ್‌ಗೆ ಕಳಿಸಿದರು. ಗುರುತು ಸಿಕ್ಕವುಗಳಲ್ಲಿ ಕಾಲು ಭಾಗ ಸುಳ್ಳು ಹೆಸರಿನವು. 'ಬಿಳಿ ಟ್ಯೂನಾ' ಅಂದದ್ದು ತಿಲಾಪಿಯಾ. ಒಂಬತ್ತು ರೆಡ್ ಸ್ನಾಪರ್‌ಗಳಲ್ಲಿ ಏಳು ಬೇರೆ. ದೊಡ್ಡ ದೊಡ್ಡ ಇಲಾಖೆಗಳು ಮಾಡಬೇಕಾದ ಕೆಲಸವನ್ನು ಇಬ್ಬರು ಮಕ್ಕಳು ಶಾಲೆ ಬಿಟ್ಟ ಮೇಲೆ ಮಾಡಿದ್ದರು.

ಬಿಳಿ ಟ್ಯೂನಾ ಕಥೆ ಇನ್ನೂ ಮುಂದಿದೆ. ಅಮೆರಿಕದ ನಿಯಮದಲ್ಲಿ ಆ ಹೆಸರಿರೋದು ಡಬ್ಬದಲ್ಲಿ ತುಂಬಿದ ಆಲ್ಬಕೋರ್ ಮೀನಿಗೆ. ಸುಶಿ ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಬರುವುದು ಬಹುಪಾಲು ಎಸ್ಕೊಲಾರ್. ಬೆಣ್ಣೆಯ ಹಾಗೆ ಕರಗುತ್ತೆ, ಒಪ್ಪಿಕೊಳ್ಳಬೇಕು. ಆದರೆ ಅದರ ಕೊಬ್ಬು ನಿಜವಾಗಿ ಒಂದು ಜಾತಿಯ ಮೇಣ, ನಮ್ಮ ಹೊಟ್ಟೆಗೆ ಅರಗೋದಿಲ್ಲ, ಹೋದ ಹಾಗೇ ಕೆಳಗೆ ಬರುತ್ತೆ. ಜಪಾನ್ 1977ರಲ್ಲೇ ಇದರ ಮಾರಾಟ ನಿಷೇಧಿಸಿದೆ. ನಾನು ಮದುವೆಗೆ ಮೊದಲು ಒಮ್ಮೆ ಮಧ್ಯಾಹ್ನದ ಊಟಕ್ಕೆ ಆರು ತುಂಡು ಬಿಳಿ ಟ್ಯೂನಾ ತಿಂದು ಆಫೀಸಿನ ಮೀಟಿಂಗಿಗೆ ಕೂತಿದ್ದೆ. ಮುಂದಿನದನ್ನು ನೀವೇ ಊಹಿಸಿಕೊಳ್ಳಿ :( ಸೋಯಾ ಸಾಸ್ ಹೆಚ್ಚಾಯಿತು ಅಂತ ಅಂದುಕೊಂಡಿದ್ದೆ. ನಿಜ ತಿಳಿದದ್ದು ವರ್ಷಗಳ ಮೇಲೆ.

ಓಷಿಯಾನಾದವರು 2013ರ ಫೆಬ್ರವರಿಯಲ್ಲಿ ಇಡೀ ದೇಶದ ಲೆಕ್ಕ ಕೊಟ್ಟರು. 21 ರಾಜ್ಯಗಳು, 674 ಅಂಗಡಿ-ಹೋಟೆಲುಗಳು, 1,215 ತುಂಡುಗಳು. ಮೂರರಲ್ಲಿ ಒಂದು ಸುಳ್ಳು. ದಿನಸಿ ಅಂಗಡಿಗಳಲ್ಲಿ ಶೇಕಡಾ 18, ಹೋಟೆಲುಗಳಲ್ಲಿ 38, ಸುಶಿ ಅಂಗಡಿಗಳಲ್ಲಿ 74. ಈ ಏರಿಕೆ ನೋಡಿ, ಮೀನಿನ ತುಂಡು ಸಣ್ಣದಾದಷ್ಟೂ ಸುಳ್ಳು ದೊಡ್ಡದು. ರೆಡ್ ಸ್ನಾಪರ್ ಅಂತ ಕೊಂಡ 120 ತುಂಡುಗಳಲ್ಲಿ ನಿಜವಾದದ್ದು ಏಳೇ ಏಳು.

ಹಾಗಾದರೆ ಎಲ್ಲರೂ ಕಳ್ಳರಾ? ಇಲ್ಲ ಅನ್ನಿಸುತ್ತೆ. ಭಾಷೆಯ ಹುಚ್ಚಿರುವ ನಮ್ಮಂಥವರಿಗೆ ಇಲ್ಲೊಂದು ಸ್ವಾರಸ್ಯ ಇದೆ. ಜಪಾನೀಯರು 'ತಾಯ್' ಅನ್ನುವ ಮೀನಿದೆ (ನಮ್ಮ ತಾಯಿಗೂ ಅದಕ್ಕೂ ಸಂಬಂಧವಿಲ್ಲ :)). ಅದು ಸೀ ಬ್ರೀಮ್ ಜಾತಿ. ಅಮೆರಿಕದ ಸುಶಿ ಮೆನುಗಳು ಅದನ್ನು ರೆಡ್ ಸ್ನಾಪರ್ ಅಂತ ಅನುವಾದ ಮಾಡಿದವು. 'ಹಿರಾಮೆ' ಅಂದರೆ ಫ್ಲೌಂಡರ್, ಅದನ್ನು ಹಾಲಿಬಟ್ ಅಂದರು. 2017ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯವರು ಅಲ್ಲಿನ 26 ಸುಶಿ ಹೋಟೆಲುಗಳ ನಾಲ್ಕು ವರ್ಷದ ಪರೀಕ್ಷೆ ಪ್ರಕಟಿಸಿದರು. ಒಟ್ಟು ಶೇಕಡಾ 47 ತಪ್ಪು. 43 ಸಲ ಹಾಲಿಬಟ್ ಕೇಳಿದರು, 32 ಸಲ ರೆಡ್ ಸ್ನಾಪರ್ ಕೇಳಿದರು, ಒಮ್ಮೆಯೂ ಕೇಳಿದ್ದು ಬರಲಿಲ್ಲ! ಇದರಲ್ಲಿ ಅನುವಾದದ ಪಾಲು ಖಂಡಿತ ಇದೆ. ಆದರೆ ಬ್ಲೂಫಿನ್ ಟ್ಯೂನಾ ಕೇಳಿದಾಗ ಪ್ರತೀ ಸಲ ಬ್ಲೂಫಿನ್ನೇ ಬಂತು. ಅಡುಗೆಯವನಿಗೂ ಗಿರಾಕಿಗೂ ಗುರುತು ಸಿಗುವ ಮೀನಿನಲ್ಲಿ ತಪ್ಪು ಆಗೋದಿಲ್ಲ ಅಂತಾಯಿತು.

ಬರೀ ಭಾಷಾಂತರದ ಎಡವಟ್ಟು ಅನ್ನಲಿಕ್ಕೂ ಆಗದು. ಮೆಕ್ಸಿಕೋ ಕೊಲ್ಲಿಯ ರೆಡ್ ಸ್ನಾಪರ್‌ನ್ನು ಮಿತಿಮೀರಿ ಹಿಡಿದು ಸಂತತಿ ಕುಸಿಯಿತು, ಹಿಡಿಯುವುದಕ್ಕೆ ಮಿತಿ ಹಾಕಿದರು. ಆದರೆ ಮೆನುವಿನಿಂದ ಆ ಹೆಸರು ಹೋಗಲೇ ಇಲ್ಲ. ಹೀಗಾಗಿ ತಿನ್ನುವವರಿಗೆ ಸಮುದ್ರ ಬರಿದಾಗುತ್ತಿರುವ ಸುದ್ದಿಯೇ ಮುಟ್ಟಲಿಲ್ಲ. ನನ್ನ ಮಟ್ಟಿಗೆ ಜೇಬಿಗೆ ಬಿದ್ದ ಕತ್ತರಿಗಿಂತ ದೊಡ್ಡ ಮೋಸ ಇದು.

ಈ ಸಂತೆಗೆ ನಮ್ಮ ದೇಶದ ಮೀನೂ ಹೋಗಿದೆ. ಮಿಸಿಸಿಪ್ಪಿ ರಾಜ್ಯದ ಬಿಲಾಕ್ಸಿಯಲ್ಲಿ ಒಂದು ಹೆಸರುವಾಸಿ ಹೋಟೆಲು 2024ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು: 2013ರಿಂದ 2019ರ ನಡುವೆ ಸ್ಥಳೀಯ ಮೀನು ಅಂತ ಬಡಿಸಿದ್ದರಲ್ಲಿ 58,750 ಪೌಂಡು, ಅಂದರೆ 26 ಟನ್ನಿಗೂ ಹೆಚ್ಚು, ಆಫ್ರಿಕಾ, ಭಾರತ, ದಕ್ಷಿಣ ಅಮೆರಿಕಗಳಿಂದ ಬಂದ ಹೆಪ್ಪುಗಟ್ಟಿದ ಮೀನು. ನಮ್ಮ ಕಡಲಲ್ಲೇ ಹಿಡಿದ ಮೀನು ಅಲ್ಲಿ ಹೋಗಿ 'ಇವತ್ತು ಬೆಳಿಗ್ಗೆ ಇಲ್ಲೇ ಹಿಡಿದದ್ದು' ಅನ್ನಿಸಿಕೊಂಡಿದ್ದರೂ ಆಶ್ಚರ್ಯವಿಲ್ಲ. ಅದು ರುಚಿಯಾಗಿತ್ತು ಅಂತಲೇ ಅಲ್ಲವಾ ವರ್ಷಗಟ್ಟಲೆ ಯಾರೂ ದೂರದೆ ತಿಂದದ್ದು? ಅದರದ್ದೇ ಹೆಸರಿನಲ್ಲಿ ಬಡಿಸಿದ್ದರೆ ಏನಾಗುತ್ತಿತ್ತು ಅಂತ ಬೇಜಾರಾಗುತ್ತೆ.

ಕಾನೂನು ನಿಧಾನಕ್ಕೆ ಎಚ್ಚೆತ್ತಿದೆ. 2018ರಿಂದ ಅಮೆರಿಕಕ್ಕೆ ಆಮದಾಗುವ ಕೆಲವು ಬಗೆಯ ಮೀನುಗಳಿಗೆ ಎಲ್ಲಿ, ಹೇಗೆ ಹಿಡಿದದ್ದು ಅನ್ನುವ ದಾಖಲೆ ಕಡ್ಡಾಯ. ಆದರೆ ಆ ದಾಖಲೆ ಬಂದರಿಗೇ ನಿಲ್ಲುತ್ತೆ, ತಟ್ಟೆಯ ತನಕ ಬರೋದಿಲ್ಲ. ನನ್ನ ಹಳೇ ಹಾಳೆಯೂ ಬದಲಾಗಿದೆ. 2017ರ ಸಲಹೆಯ ಪ್ರಕಾರ ಮೆಕ್ಸಿಕೋ ಕೊಲ್ಲಿಯ ಟೈಲ್‌ಫಿಶ್ ಮಾತ್ರ ಬಸುರಿಯರಿಗೆ ಬೇಡ, ಅಟ್ಲಾಂಟಿಕ್‌ನದ್ದು ಪರವಾಗಿಲ್ಲ. ಓದಿ ಸ್ವಲ್ಪ ಸಮಾಧಾನ ಆಯ್ತು, ಸ್ವಲ್ಪ ನಗುವೂ ಬಂತು. ಯಾವ ಮೀನು ಅಂತಲೇ ಗೊತ್ತಿಲ್ಲದವನಿಗೆ ಯಾವ ಸಮುದ್ರ ಅಂತ ಗೊತ್ತಾಗುವುದು ಹೇಗೆ?

ಅವತ್ತಿಂದ ನಾನು ಇಡೀ ಮೀನನ್ನೇ ತರೋದು, ತಲೆ ಸಮೇತ. ಕಿವಿರು ಎತ್ತಿ ನೋಡುವುದನ್ನು ಮಗಳಿಗೂ ಹೇಳಿಕೊಟ್ಟಿದ್ದೇನೆ. ಮೊದಲು "ಛೀ ಅಪ್ಪ" ಅನ್ನುತ್ತಿದ್ದವಳು ಈಗ ಅಂಗಡಿಯವನಿಗೇ ಪ್ರಶ್ನೆ ಕೇಳುತ್ತಾಳೆ. ಹಾಳೆಯನ್ನು ಎಸೆಯಲಿಲ್ಲ, ಮತ್ತೆ ಡ್ರಾಯರಿನಲ್ಲೇ ಇಟ್ಟಿದ್ದೇನೆ.

ಅಂದಹಾಗೆ, ಅಂಜಲಿಗೆ ಕಾರವಾರದ ಕಡೆ ಇಸವಣ ಅಂತಾರೆ. ನಿಮ್ಮೂರಲ್ಲಿ ಏನಂತಾರೆ? ಗೊತ್ತಿದ್ದವರು ತಿಳಿಸಿ, ಒಂದು ಪಟ್ಟಿ ಮಾಡುವ ಆಸೆ ಇದೆ. ನಮ್ಮ ಹೆಸರುಗಳನ್ನಾದರೂ ಜೋಪಾನ ಮಾಡಿಟ್ಟುಕೊಳ್ಳೋಣ.