ಭೂಮಾಪನ ಜಾಲದಲ್ಲಿ ದೋಷ ತಿದ್ದುಪಡಿ

ನೆಲದ ಮೇಲಿನ ಹಲವು ಠಾಣೆಗಳನ್ನು ಒಂದಕ್ಕೊಂದು ಹೆಣೆದು ಅಳೆಯುವಾಗ ನುಸುಳುವ ತಪ್ಪುಗಳನ್ನು ಪತ್ತೆಹಚ್ಚಿ ಸರಿಪಡಿಸುವ ವಿಧಾನ.

ಅಂಕಿಯನ್ನೇ ತಪ್ಪಾಗಿ ಓದಿದ್ದರೆ ಮತ್ತೆ ಅಳೆಯಬೇಕು. ಕಾರಣ ತಿಳಿದಿರುವ ದೋಷವನ್ನು ಲೆಕ್ಕದಿಂದ ಕಳೆಯಬಹುದು. ಉದಾಹರಣೆಗೆ, ಭೂಮಾಪಕ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದಾಗ ಬಳಸಿದ್ದು 100 ಅಡಿಯ ಉಕ್ಕಿನ ಸರಪಳಿ. ಬಿಸಿಲೇರಿದಂತೆ ಉಕ್ಕು ಹಿಗ್ಗುತ್ತದೆ. ಹಾಗಾಗಿ ಉಷ್ಣಮಾಪಕ ನೋಡಿ ಉದ್ದವನ್ನು ತಿದ್ದಬೇಕಾಗುತ್ತಿತ್ತು. ಹಾಗೆಯೇ ಗುರುತ್ವ ಸರ್ವೆಯಲ್ಲಿ ಉಪಕರಣದ ಸ್ಪ್ರಿಂಗ್ ಗಂಟೆಗಟ್ಟಲೆ ಬಳಕೆಯಲ್ಲಿ ನಿಧಾನವಾಗಿ ಬದಲಾಗುತ್ತದೆ. ಹೊರಟ ಠಾಣೆಗೇ ಮರಳಿ ಬಂದು ಅಳೆದರೆ ಎಷ್ಟು ಸರಿದಿದೆಯೆಂಬುದು ತಿಳಿಯುತ್ತದೆ.

ಉಳಿಯುವ ಆಕಸ್ಮಿಕ ದೋಷಗಳನ್ನು ಜಾಲದುದ್ದಕ್ಕೂ ಹಂಚಲು ಗಣಿತಜ್ಞ ಲೆಜಾಂಡ್ರ್ 1805ರಲ್ಲಿ ಪ್ರಕಟಿಸಿದ ಕನಿಷ್ಠ ವರ್ಗ ವಿಧಾನ ನೆರವಾಗುತ್ತದೆ.

ಆದರೆ ಎಲ್ಲ ವ್ಯತ್ಯಾಸವೂ ತಪ್ಪಲ್ಲ. ಉತ್ತರ ಭಾರತದ ಕಲಿಯಾನಾ ಮತ್ತು ಮಧ್ಯ ಭಾರತದ ಕಲ್ಯಾಣಪುರ ಠಾಣೆಗಳ ನಡುವಿನ ಅಕ್ಷಾಂಶ ವ್ಯತ್ಯಾಸವನ್ನು ನಕ್ಷತ್ರ ನೋಡಿ ಲೆಕ್ಕ ಹಾಕಿದಾಗ ಬಂದ ಉತ್ತರವೂ ನೆಲ ಅಳೆದು ಲೆಕ್ಕ ಹಾಕಿದಾಗ ಬಂದ ಉತ್ತರವೂ ಒಂದೇ ಆಗಿರಲಿಲ್ಲ. ಅಂತರ 5.236 ವಿಕಲೆ (ಕೋನದ ಸೆಕೆಂಡ್), ಅಂದರೆ ನೆಲದ ಮೇಲೆ ಸುಮಾರು 160 ಮೀಟರ್. ಭೂಮಾಪಕ ಜಾರ್ಜ್ ಎವರೆಸ್ಟ್ ಇದನ್ನು ಅಳತೆಯ ದೋಷವೆಂದೇ ಬಗೆದರು. ನೇರ ಕೆಳದಿಕ್ಕು ತೋರುವ ತೂಗುಗುಂಡನ್ನು ಹಿಮಾಲಯವು ತನ್ನತ್ತ ಸೆಳೆದಿದೆ ಎಂದರು ಗಣಿತಜ್ಞ ಜಾನ್ ಪ್ರ್ಯಾಟ್. ಆದರೆ ಅವರ ಲೆಕ್ಕದಂತೆ ಅಂತರ 15.885 ವಿಕಲೆ ಇರಬೇಕಿತ್ತು! ಪರ್ವತದಡಿ ಹಗುರ ಶಿಲೆಯ ಬೇರುಗಳಿವೆಯೆಂದು 1855ರಲ್ಲಿ ಖಗೋಳಜ್ಞ ಜಾರ್ಜ್ ಏರಿ ಈ ಕೊರತೆಯನ್ನು ವಿವರಿಸಿದರು. ಭೂಹೊರಪದರದ ಸಮತೋಲನ ಸಿದ್ಧಾಂತ ಬೆಳೆದದ್ದು ಈ ಚರ್ಚೆಯಿಂದಲೇ.